ಒಂದು ದಿನದ ಚಿಕ್ಕಪ್ಪ

ಎದೆಯ ಮೇಲೆ ಚುಚ್ಚಿದ್ದ ಚೀಟಿಯನ್ನು ಮಾಕೋಖಾ ಕತ್ತು ಬಗ್ಗಿಸಿ ತಲೆಕೆಳಗಾಗಿ ಓದಿದ. 'ಜೆ. ಮಾಕೋಖಾ, ಚಿಕ್ಕಪ್ಪ.' ಒಂದೇ ಸಾಲಿನಲ್ಲಿ ಎರಡು ತಪ್ಪು: ಅವನು ಎಲಿಜಾ, ಅವನು ಅಪ್ಪ. ಇಪ್ಪತ್ತಾರು ವರ್ಷ ಶಾಲೆಯ ಮಕ್ಕಳ ನೋಟ್‌ಬುಕ್ ತಿದ್ದಿದ ಕೈ ತಾನಾಗಿ ಜೇಬಿನ ಕೆಂಪು ಪೆನ್ನಿಗೆ ಹೋಯಿತು. ಮಗಳು ನಾಲಿಯಾಕಾ ಆ ಕೈ ಹಿಡಿದುಕೊಂಡಳು.

"ತಿದ್ದಬೇಡ ಅಪ್ಪ. ಇವತ್ತೊಂದಿನ ಹಾಗೇ ಇರ್ಲಿ."

ಕಾಕಮೆಗಾ ಪಟ್ಟಣದ ಚರ್ಚಿನ ಸಭಾಂಗಣದ ಬಾಗಿಲಲ್ಲಿ, ಉಳಿದ ಪೋಷಕರು ಎಣ್ಣೆಯಲ್ಲಿ ಕರಿದ ಮಂದಾಜಿ ಮೆಲ್ಲುತ್ತ ಒಳಹೋಗುತ್ತಿರುವಾಗ, ಅವಳು ಗೋಡೆಗೆ ಹೇಳುವವಳಂತೆ ವಿಷಯ ಹೇಳಿ ಮುಗಿಸಿದಳು. ಸರ್ಕಾರ ಕೊಡುವ ಸಾಲ ಕಾಲೇಜಿನ ಅರ್ಧ ಶುಲ್ಕಕ್ಕೂ ಸಾಲದು. ಅವನೇ ಕೂತು ತುಂಬಿದ ಹನ್ನೊಂದು ವಿದ್ಯಾರ್ಥಿವೇತನದ ಅರ್ಜಿಗಳು ಹನ್ನೊಂದು ವಿಷಾದಪತ್ರಗಳಾಗಿ ಮರಳಿದ್ದವು. ಈ ಟ್ರಸ್ಟು ಮಾತ್ರ ನಾಲ್ಕು ವರ್ಷದ ಪೂರ್ತಿ ಖರ್ಚು ಕೊಡುತ್ತಿತ್ತು. ತಂದೆ ಇಲ್ಲದವರಿಗೆ.

"ಯಾವುದರಲ್ಲಿ ಸತ್ತೆ ನಾನು?"

"ಮಲೇರಿಯಾ. ಎರಡು ವರ್ಷದ ಹಿಂದೆ. ಆಗಸ್ಟ್."

ಅವನು ಕಲಿಸುತ್ತಿದ್ದ ಖಾಸಗಿ ಶಾಲೆಗೆ ಬೀಗ ಬಿದ್ದ ತಿಂಗಳು ಅದು. ಯೋಚಿಸಿಯೇ ಆರಿಸಿದ್ದಾರೆ ಎನಿಸಿತು.

"ನಿಮ್ಮಮ್ಮಂಗೆ ಗೊತ್ತಾ?"

"ಅಮ್ಮಾನೇ ಹೇಳಿದ್ದು."

ಅವನು ಸತ್ತನೆಂಬ ಪತ್ರಕ್ಕೆ ಮೊಹರು ಒತ್ತಿದ್ದು ಊರಿನ ಅಧಿಕಾರಿ ವಾಬ್ವಿರೆ. ದಿನಾ ಸಂಜೆ ಬಾಟಲಿ ಮುಚ್ಚಳಗಳನ್ನು ಕಾಯಿ ಮಾಡಿಕೊಂಡು ಆಡಲು ಬರುವ ಗೆಳೆಯ. ನಿನ್ನೆ ಸಾಲಾಗಿ ಮೂರು ಆಟ ಸೋತಿದ್ದ. ಮಾಕೋಖಾ ಅದನ್ನು ಬೀಗುತ್ತ ಹೆಂಡತಿಗೆ ಹೇಳಿದಾಗ ಅವಳು ಅವನ ತಟ್ಟೆಗೆ ಇನ್ನೊಂದು ತುಂಡು ಮೀನು ಹಾಕಿದ್ದಳು.

"ಬೇರೆ ಯಾರನ್ನಾದ್ರೂ ಚಿಕ್ಕಪ್ಪ ಮಾಡ್ಬೋದಿತ್ತು."

"ಬೇರೆಯವರು ನಾಳೆ ಬಾಯಿ ಬಿಡ್ತಾರೆ. ನಂಬೋಕೆ ಅಂತ ಇರೋದು ನೀನೊಬ್ಬನೇ ಅಪ್ಪ."

ಅವಳು ಇದನ್ನು ತಮಾಷೆಗೆ ಹೇಳಿರಲಿಲ್ಲ.

ಒಳಗೆ ಹೋದ ಮೇಲೆ ಅವಳು ಎಲ್ಲರಿಗೂ ಕೇಳುವಂತೆ, "ಚಿಕ್ಕಪ್ಪ, ನೀವು ಇಲ್ಲಿ ಕೂತ್ಕೊಳ್ಳಿ," ಎಂದಳು. ಬದುಕಿದ್ದಷ್ಟು ದಿನ ಏಕವಚನ. ಸತ್ತ ಮೇಲೆ ಮರ್ಯಾದೆ ಹೆಚ್ಚಿತ್ತು.

ಟ್ರಸ್ಟಿನ ಅಧ್ಯಕ್ಷೆ ಶ್ರೀಮತಿ ಅಂಬೆಟ್ಸಾ, ಆಯ್ಕೆಯಾದ ಮಕ್ಕಳು ಬರೆದದ್ದನ್ನು ಒಂದೊಂದಾಗಿ ಓದಿಸಿದರು. ನಾಲಿಯಾಕಾ ಓದಿದಳು: ಅಡುಗೆಮನೆಯ ಬಾಗಿಲ ಹಿಂದೆ ಇದ್ದಿಲಿನಲ್ಲಿ ಭಿನ್ನರಾಶಿ ಬರೆದು ಕಲಿಸಿದ ಅಪ್ಪ, ಸಂಬಳ ಬರದ ತಿಂಗಳುಗಳಲ್ಲೂ ಬೂಟಿಗೆ ಪಾಲಿಶ್ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಅಪ್ಪ. ಎಲ್ಲ ನಿಜ. ಬದುಕಿರುವವನಿಗೆ ಅವಳು ಇದನ್ನು ಒಂದು ಸಲವೂ ಹೇಳಿರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಸೀಟಿದರು. ಮಾಕೋಖಾನಿಗೆ ಸತ್ತವನ ಮೇಲೆ ಹೊಟ್ಟೆಕಿಚ್ಚಾಯಿತು.

ಅಂಬೆಟ್ಸಾ ಅವನ ಕಡೆ ತಿರುಗಿ, ವಿಧವೆಯನ್ನು ಈಗ ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು ಮೆಲ್ಲಗೆ ವಿಚಾರಿಸಿದರು. ಅವನು ಎದ್ದು ನಿಂತ. ಬಾಯಿಂದ ಬಂದದ್ದು ತನಗೇ ಪರಿಚಯವಿಲ್ಲದ ಒರಟು ದನಿ.

"ನಾನೇ. ನಮ್ಮ ಕಡೆ ಪದ್ಧತಿ ಗೊತ್ತಲ್ಲ ತಾಯಿ, ಅಣ್ಣ ಹೋದ್ರೆ ಎಲ್ಲ ತಮ್ಮಂಗೆ. ಅಣ್ಣನ ಮನೆ, ಅಣ್ಣನ ಕುರ್ಚಿ, ಅಣ್ಣನ ಹೆಂಡ್ತಿ. ಈ ಪ್ಯಾಂಟೂ ಅವನದ್ದೇ. ಸೊಂಟ ಅಳತೆ ಮಾಡಿಸಿದ ಹಾಗಿದೆ."

ಗಂಡಸರು ತೊಡೆ ತಟ್ಟಿ ನಕ್ಕರು. ಅತ್ತಿಗೆ ಹಳೆಯ ಗಂಡನನ್ನು ಮರೆತಿದ್ದಾಳೋ ಎಂದು ಒಬ್ಬ ಕೆಣಕಿದ. ಅವಳೇ ಮೊದಲು ಮರೆತದ್ದು ಎಂದ ಮಾಕೋಖಾ. ಅದಕ್ಕೂ ನಕ್ಕರು.

ಆಮೇಲೆ ಕಾಗದ ಬಂತು. ನಾಲ್ಕು ವರ್ಷದ ಓದು ಪೋಷಕನ ಒಂದು ಸಹಿಗಾಗಿ ಕಾದಿತ್ತು. 'ನಾನೇ ಇವಳಪ್ಪ' ಎಂದರೆ ಸಾಕು. ಅವನು ಬದುಕುತ್ತಾನೆ, ಅವಳ ಕಾಲೇಜು ಸಾಯುತ್ತದೆ. ನಾಲಿಯಾಕಾ ಅವನ ಮುಖ ನೋಡಲಿಲ್ಲ. ಪೆನ್ನಿನ ತುದಿಯನ್ನೇ ನೋಡುತ್ತಿದ್ದಳು. ಅವನು ತನ್ನ ದುಂಡನೆಯ ಅಕ್ಷರ ಬಿಟ್ಟು, ಎಡಕ್ಕೆ ವಾಲುವ ಯಾರದೋ ಕೈಬರಹದಲ್ಲಿ ಸಹಿ ಹಾಕಿದ. ಇಲ್ಲದ ಮನುಷ್ಯನನ್ನು ಅನುಕರಿಸುವುದು ಇಷ್ಟು ಸಲೀಸೇ ಎಂದು ಅಚ್ಚರಿಯಾಯಿತು.

ಅಂಗಳದಲ್ಲಿ ಕೊನೆಯ ಕಾರ್ಯಕ್ರಮ. ಅಗಲಿದ ಪ್ರತಿ ತಂದೆಯ ಹೆಸರಿನಲ್ಲಿ ಒಂದೊಂದು ಬೆಣ್ಣೆಹಣ್ಣಿನ ಸಸಿ ನೆಡಬೇಕು. ಅವನ ಕೈಗೆ ಬಂದ ಸಸಿಯ ಕತ್ತಿನಲ್ಲಿ ತಗಡಿನ ಬಿಲ್ಲೆ ತೂಗುತ್ತಿತ್ತು: 'ಎಲಿಜಾ ಮಾಕೋಖಾ ನೆನಪಿಗೆ.' ಅವನು ಅದನ್ನು ಗುಂಡಿಗಿಳಿಸಿ, ಕೈಯಿಂದಲೇ ಮಣ್ಣೆಳೆದ.

"ಚೆನ್ನಾಗಿ ತುಳೀರಿ," ಎಂದರು ಅಂಬೆಟ್ಸಾ. "ಸಡಿಲ ಬಿಟ್ರೆ ನಿಲ್ಲಲ್ಲ."

ಅವನು ತುಳಿದ. ಒಂದು ಕಾಲಲ್ಲಿ, ಆಮೇಲೆ ಎರಡೂ ಕಾಲಲ್ಲಿ.

"ಸಾಕು ಬಿಡಯ್ಯ," ಎಂದ ಪಕ್ಕದ ಗುಂಡಿಯ ಮುದುಕ. "ನಿಮ್ಮಣ್ಣ ಎದ್ದು ಬಂದಾನು ಅಂತ ಭಯಾನಾ?"

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಮಾಕೋಖಾ ನಕ್ಕ. ಉಳಿದವರ ನಗು ಮುಗಿದು, ಅವರು ಚಹಾದ ಕಡೆ ಹೊರಟ ಮೇಲೂ ಅವನು ನಗುತ್ತಲೇ ಇದ್ದ, ತುಳಿಯುತ್ತಲೇ ಇದ್ದ. ಬಿಲ್ಲೆ ಅರ್ಧ ಮಣ್ಣಿನೊಳಗೆ ಹೋಗಿತ್ತು.