ತಿಂಗಳಿಗೊಮ್ಮೆ ಬರುವ ಜ್ವರ

ಮಧುಗಿರಿಯ ಪೇಟೆಬೀದಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಕದರಪ್ಪನವರ ಮನೆಯಷ್ಟು ಶುದ್ಧವಾದ ಮನೆ ಸುತ್ತಲ ನಾಲ್ಕು ತಾಲ್ಲೂಕು ಹುಡುಕಿದರೂ ಸಿಗುತ್ತಿರಲಿಲ್ಲ. ಹಾಗೆಂದು ಅವರೇ ಹೇಳುತ್ತಿದ್ದರು. ಬೆಳಗಾದರೆ ಅವರ ತಾಯಿ ಆಂಜಿನಮ್ಮ ಹೊಸಿಲು ಸಾರಿಸಿ, ತುಳಸಿಗೆ ನೀರೆರೆದು, ಹಾಲಿನವಳ ಕೈ ತಗುಲಿದ ಚೆಂಬನ್ನು ಹುಣಿಸೆಹಣ್ಣು ಹಾಕಿ ತಿಕ್ಕಿ ಒಳಗೆ ಒಯ್ಯುವರು. ಕದರಪ್ಪನವರು ನಾಮ ಎಳೆದುಕೊಂಡು ಪಡಸಾಲೆಯಲ್ಲಿ ಕೂತರೆ ಮಗಳು ರಾಜಲಕ್ಷ್ಮಮ್ಮ ಪತ್ರಿಕೆ ಓದಿ ಹೇಳಬೇಕು. ಹದಿನೈದು ವರ್ಷದ ಹುಡುಗಿ ಇಂಗ್ಲಿಷಿನ ತಂತಿಯನ್ನು ನೀರು ಕುಡಿದ ಹಾಗೆ ಓದುತ್ತಾಳೆಂದು ಅಂಗಡಿಗೆ ಬಂದವರ ಮುಂದೆಲ್ಲ ಕೊಚ್ಚಿಕೊಳ್ಳುವುದು ಅವರಿಗೆ ಊಟಕ್ಕಿಂತ ರುಚಿ. ಜಂಬಕ್ಕೆ ಮಗಳು ಬೇಕು. ಮಗಳಿಗೆ ಏನು ಬೇಕೆಂದು ಕೇಳಿದವರು ಮಾತ್ರ ಆ ಮನೆಯಲ್ಲಿ ಯಾರೂ ಇರಲಿಲ್ಲ.

ನಾನು ಅವಳ ಲೆಕ್ಕದ ಮೇಷ್ಟ್ರು, ನನಗೆ ಗೊತ್ತಿತ್ತು. ಅವಳಿಗೆ ಬೇಕಾಗಿದ್ದುದು ಆರನೇ ಫಾರಂ, ಹೈಸ್ಕೂಲಿನ ಕೊನೆಯ ತರಗತಿ. ಅಲ್ಲಿ ಇಂಗ್ಲಿಷು, ಕನ್ನಡ, ಗಣಿತದ ಜೊತೆಗೆ ರಸಾಯನಶಾಸ್ತ್ರವನ್ನು ಆರಿಸಿಕೊಂಡು ಗಾಜಿನ ನಳಿಗೆ ಹಿಡಿದು ತಾನೇ ಪ್ರಯೋಗ ಮಾಡಬಹುದು. ಶನಿವಾರ ಮಧ್ಯಾಹ್ನ ಚರ್ಚಾಕೂಟ ಉಂಟು, ಪ್ರಥಮ ಚಿಕಿತ್ಸೆಯ ಪಾಠ ಉಂಟು. ಅಲ್ಲಿಂದ ಬೆಂಗಳೂರಿನ ಕಾಲೇಜು, ಆಮೇಲೆ ಡಾಕ್ಟರಿ. ಇಷ್ಟೆಲ್ಲ ಲೆಕ್ಕ ಹಾಕಿಟ್ಟುಕೊಂಡಿದ್ದಳು ಹುಡುಗಿ. ಆರನೇ ಫಾರಂ ಸೇರಲು ಎರಡೇ ನಿಯಮ: ಐದನೇ ಫಾರಂ ಪಾಸಾಗಬೇಕು, ಶಾಲೆ ನಡೆದ ದಿನಗಳಲ್ಲಿ ಮುಕ್ಕಾಲುಪಾಲು ಹಾಜರಿರಬೇಕು.

ಪಾಸಿನ ಮಾತು ಬಿಡಿ, ಗಣಿತದಲ್ಲಿ ಅವಳೇ ಮೊದಲು. ಕೈಕೊಟ್ಟದ್ದು ಹಾಜರಿ. ತಿಂಗಳಿಗೊಮ್ಮೆ ಕದರಪ್ಪನವರ ಚೀಟಿ ತಪ್ಪದೆ ನನ್ನ ಮೇಜಿಗೆ ಬರುತ್ತಿತ್ತು: 'ಮಗಳಿಗೆ ಜ್ವರವಿರುವುದರಿಂದ ನಾಲ್ಕು ದಿನ ರಜ ದಯಪಾಲಿಸಬೇಕು.' ಎಂಥಾ ಶಿಸ್ತಿನ ಜ್ವರ! ಪಂಚಾಂಗ ನೋಡಿಕೊಂಡು ಬಂದು, ನಾಲ್ಕು ದಿನ ಇದ್ದು, ತಲೆಗೆ ನೀರು ಹಾಕಿಕೊಂಡೊಡನೆ ಇಳಿದು ಹೋಗುವ ಜ್ವರ! ಆ ನಾಲ್ಕು ದಿನವೂ ಹುಡುಗಿ ಹಿತ್ತಲಲ್ಲಿ, ಕೊಟ್ಟಿಗೆಯ ಪಕ್ಕದ ಚಪ್ಪರದಡಿ, ಒಂದು ಚಾಪೆ ಒಂದು ತಟ್ಟೆ ಇಟ್ಟುಕೊಂಡು ಕೂತಿರಬೇಕು. ಪುಸ್ತಕ ಮುಟ್ಟುವ ಹಾಗಿಲ್ಲ. ಪುಸ್ತಕ ಸರಸ್ವತಿಯಂತೆ, ಮೈಲಿಗೆಯಾಗುತ್ತದಂತೆ. ಎಮ್ಮೆಗಳು ಮೈಲಿಗೆಯಾಗುವುದಿಲ್ಲ ಎಂದು ಕಾಣುತ್ತದೆ.

ಇನ್ನೊಂದು ಕೇಳಿ. ಆಂಜಿನಮ್ಮನವರು ದೈವಭಕ್ತೆ. ಮಗ ತಿಂಗಳು ತಿಂಗಳೂ ಸುಳ್ಳು ಬರೆದು ಪಾಪ ಕಟ್ಟಿಕೊಳ್ಳುತ್ತಾನಲ್ಲ ಎಂದು ಅವರಿಗೆ ಸಂಕಟ. ಅದಕ್ಕೆ ಆಸ್ಪತ್ರೆಯಿಂದ ಕ್ವಿನೈನ್ ಗುಳಿಗೆ ತರಿಸಿ, ಆ ನಾಲ್ಕು ದಿನವೂ ಮೊಮ್ಮಗಳಿಗೆ ನುಂಗಿಸುತ್ತಿದ್ದರು. ಜ್ವರದ ಔಷಧಿ ತಿಂದವಳಿಗೆ ಜ್ವರ ಎಂದರೆ ಅದು ಪೂರ್ತಿ ಸುಳ್ಳಾಗುವುದಿಲ್ಲವಲ್ಲ! ಹುಡುಗಿಗೆ ಕಿವಿ ಗುಂಯ್ ಎನ್ನತೊಡಗಿತು, ತಿಂದದ್ದು ಹೊಟ್ಟೆಯಲ್ಲಿ ನಿಲ್ಲದಾಯಿತು. ಐದನೆಯ ದಿನ ಶಾಲೆಗೆ ಬಂದಾಗ ನಿಜವಾದ ರೋಗಿಯ ಹಾಗೇ ಕಾಣುತ್ತಿದ್ದಳು. ಅಜ್ಜಿಯ ಧರ್ಮ ಉಳಿಯಿತು.

ನನಗೆ ಇದು ತಿಳಿದಿರಲಿಲ್ಲವೇ? ತಿಳಿದಿತ್ತು. ಚೀಟಿ ಓದಿದ ಹೆಡ್‌ಮೇಷ್ಟ್ರಿಗೂ ತಿಳಿದಿತ್ತು. ನಾವೆಲ್ಲ ಮರ್ಯಾದಸ್ಥರು. ಸುಳ್ಳಿಗೆ ರುಜು ಹಾಕುತ್ತೇವೆ, ಆ ಒಂದು ಮಾತನ್ನು ಮಾತ್ರ ಬಾಯಲ್ಲಿ ಆಡುವುದಿಲ್ಲ. ಥೂ, ನಮ್ಮ ಮರ್ಯಾದೆಗಿಷ್ಟು!

ಆ ವರ್ಷ ಶಾಲೆ ನಡೆದದ್ದು ನೂರ ಎಂಬತ್ತೆಂಟು ದಿನ. ನೂರ ನಲವತ್ತೊಂದು ದಿನ ಹಾಜರಿ ಬೇಕಿತ್ತು. ಯಾರೋ ದಾಯಾದಿ ಸತ್ತ ಸೂತಕವೂ ಸೇರಿ ಹುಡುಗಿಗೆ ಎಂಟು ದಿನ ಕಡಿಮೆ ಬಿತ್ತು. ಕಾಯಿಲೆಯಿಂದಾದ ಕೊರತೆಯನ್ನು ಮನ್ನಾ ಮಾಡಬಹುದು, ಡಾಕ್ಟರ ಕಾಗದ ಬೇಕು. ಕದರಪ್ಪನವರು ಓಡಿದರು. ಊರಿಗೆ ಹೊಸದಾಗಿ ಬಂದಿದ್ದ ಡಾಕ್ಟರು ಅಪ್ಪನ ಮಾತನ್ನು ನಂಬಿದರು. ತಿಂಗಳು ತಿಂಗಳೂ ಜ್ವರ, ವರ್ಷದಿಂದ ಕ್ವಿನೈನು, ಕಿವಿಯಲ್ಲಿ ಗುಂಯ್‌ಗುಡುವುದು ಎಂದೆಲ್ಲ ಬರೆದುಕೊಂಡು ಕೊನೆಗೆ ಹೀಗೆ ಸೇರಿಸಿದರು: 'ಹಳೆಯ ಮಲೇರಿಯಾ. ಒಂದು ವರ್ಷ ಓದಿನ ಶ್ರಮ ಕೂಡದು.'

ತಾವೇ ಹೆಣೆದ ಬಲೆಯಲ್ಲಿ ಮಗಳನ್ನು ಕೆಡವಿ ಕದರಪ್ಪನವರು ತಲೆಯ ಮೇಲೆ ಕೈಹೊತ್ತು ಕೂತರು. ನಾನು ಅವರ ಮನೆಗೆ ಹೋದೆ.

"ನಡೆದದ್ದು ನಡೆದುಹೋಯಿತು ಕದರಪ್ಪನವರೇ. ಇನ್ನು ಮುಂದಾದರೂ ಆ ನಾಲ್ಕು ದಿನ ಶಾಲೆಗೆ ಕಳಿಸುತ್ತೇನೆ ಅನ್ನಿ. ಹೆಡ್‌ಮೇಷ್ಟ್ರ ಹತ್ತಿರ ನಾನು ಮಾತಾಡುತ್ತೇನೆ" ಎಂದೆ.

ಅವರು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಆಂಜಿನಮ್ಮ ಬಂದರು. "ಏನ್ ಮೇಷ್ಟ್ರೇ, ಓದಿದೋರು ಆಡೋ ಮಾತಾ ಇದು? ಮುಟ್ಟಾದೋಳು ಸರಸ್ವತೀನ ಮುಟ್ಟಿದ್ರೆ ಮನೆ ಉಳೀತೈತಾ? ನಮ್ಮತ್ತೆ, ಅವರತ್ತೆ ಕಾಲ್ದಿಂದ್ಲೂ ಇಂಗೇ ನಡ್ಕಂಡ್ ಬಂದೈತೆ."

"ನಿಮ್ಮತ್ತೆ ಆರನೇ ಫಾರಂ ಓದುತ್ತಿರಲಿಲ್ಲವಲ್ಲ ತಾಯಿ. ಬರುವ ವರ್ಷದ ದೊಡ್ಡ ಪರೀಕ್ಷೆ ಒಂದು ವಾರ ನಡೆಯುತ್ತದೆ. ಅದರ ಮಧ್ಯೆ ಆ ದಿನ ಬಂದರೆ?"

"ಬಂದ್ರೆ ಬತ್ತೈತೆ, ದೇವ್ರಿಚ್ಛೆ. ಗೌಡಗೆರೆ ಕಡೆಯಿಂದ ಒಂದು ಸಂಬಂಧ ಬಂದೈತೆ. ಒಂದ್ ವರ್ಸ ಮನೇಲಿದ್ರೆ ಮದ್ವೆ ಮಾಡ್ಬುಡಾನ. ಅದಿರ್ಲಿ ಮೇಷ್ಟ್ರೇ, ನಿಮ್ಮನೇಲಿ ಅಮ್ಮಾವ್ರು ಆ ನಾಕ್ ದಿನ ಎಲ್ಲಿ ಕೂತ್ಕಂತಾರೆ? ಪಡಸಾಲೇಲಾ?"

ನನ್ನ ಹೆಂಡತಿಯೂ ಹಿತ್ತಲಲ್ಲೇ ಕೂರುತ್ತಿದ್ದಳು. ಸುಧಾರಣೆಯ ಭಾಷಣವನ್ನು ಜೇಬಿಗೆ ಹಾಕಿಕೊಂಡು ಎದ್ದು ಬಂದೆ.

ಶಾಲೆ ತೆರೆದ ದಿನ ಹೆಡ್‌ಮೇಷ್ಟ್ರು ಸಿದ್ದಗಂಗಯ್ಯನವರು ಎಲ್ಲರನ್ನೂ ಕರೆಸಿದರು. ಕದರಪ್ಪನವರು ಕುರ್ಚಿಯ ಮೇಲೆ, ಅಜ್ಜಿ ಮೊಮ್ಮಗಳು ಬೆಂಚಿನ ಮೇಲೆ, ನಾನು ಬಾಗಿಲ ಹತ್ತಿರ.

"ನೋಡಮ್ಮ, 'ಜ್ವರ ಬಂದಿತ್ತು, ಈಗ ಪೂರ್ತಿ ವಾಸಿಯಾಗಿದೆ' ಅಂತ ನಿನ್ನ ಕೈಯಲ್ಲೇ ಬರೆದುಕೊಡು. ಮೇಲಿನವರಿಗೆ ಶಿಫಾರಸು ಮಾಡಿ ಕಳಿಸ್ತೀನಿ. ಉತ್ತರ ಬರೋ ತನಕ ಆರನೇ ಫಾರಂನಲ್ಲಿ ಕೂತಿರು" ಎಂದು ಸಿದ್ದಗಂಗಯ್ಯನವರು ಕಾಗದ, ಲೇಖನಿ ಮುಂದಿಟ್ಟರು.

"ಬರಿ ಕಣಮ್ಮ, ಬರಿ" ಎಂದರು ಕದರಪ್ಪನವರು, ಹೋದ ಜೀವ ಬಂದಂತೆ.

ಹುಡುಗಿ ಲೇಖನಿ ಎತ್ತಿಕೊಂಡಳು, ಬರೆಯಲಿಲ್ಲ. "ವಾಸಿಯಾಗಿದೆ ಅಂತ ಬರೆದ್ರೆ ಬರೋ ತಿಂಗಳು ಏನಂತ ಬರೀಲಿ ಸಾರ್?"

ಕದರಪ್ಪನವರು ತಾರಸಿಯ ತೊಲೆ ಎಣಿಸುತ್ತಿದ್ದರು.

"ನಂಗೆ ಜ್ವರ ಬಂದೇ ಇರಲಿಲ್ಲ ಸಾರ್" ಎಂದಳು. "ಮುಟ್ಟಾಗಿದ್ದೆ. ಮನೇಲಿ ಪುಸ್ತಕ ಮುಟ್ಟಕ್ಕೆ ಬಿಡ್ಲಿಲ್ಲ, ಸ್ಕೂಲಿಗೆ ಕಳಿಸ್ಲಿಲ್ಲ. ಬರೆದ್ರೆ ಇದನ್ನೇ ಬರೀತೀನಿ. ಸೇರಿಸ್ಕೊಳ್ಳದಿದ್ರೆ ಬೇಡ."

"ಥೂ, ನಾಚ್ಕೆಗೆಟ್ಟೋಳೇ! ಗಂಡಸ್ರ ಮುಂದೆ!" ಎಂದು ಆಂಜಿನಮ್ಮ ಅವಳ ರಟ್ಟೆ ಹಿಡಿದು ಜಗ್ಗಿದರು.

"ಹಿಡ್ಕೋ ಅಜ್ಜಿ, ಗಟ್ಟಿಯಾಗೇ ಹಿಡ್ಕೋ" ಎಂದಳು ರಾಜಲಕ್ಷ್ಮಮ್ಮ. "ನಾನು ನೆನ್ನೆಯಿಂದ ಹೊರಗಾಗಿದೀನಿ. ನಿಂಗೆ ಹೇಳ್ಲಿಲ್ಲ. ನೆನ್ನೆ ನಿಂಗೆ ಮುದ್ದೆ ಮಾಡಿಕ್ಕಿದ್ದು ನಾನೇ. ದೇವ್ರಿಗೆ ದೀಪ ಹಚ್ಚಿದ್ದೂ ನಾನೇ. ಮನೆ ಉಳೀತಲ್ಲ ಅಜ್ಜಿ? ನಿನ್ನ ಮಗ ಚೆನ್ನಾಗೇ ಅವ್ನಲ್ಲ?"

ಮುದುಕಿಯ ಕೈ ಬೆಂಕಿ ತಗುಲಿದ ಹಾಗೆ ಹಿಂದಕ್ಕೆ ಹೋಯಿತು. ಕದರಪ್ಪನವರು ಕುರ್ಚಿಯಿಂದೆದ್ದು ಗೋಡೆಗೆ ಒತ್ತಿಕೊಂಡು ನಿಂತರು, ಸ್ವಂತ ಮಗಳಿಂದ ಎರಡು ಮಾರು ದೂರಕ್ಕೆ. ಎಂಥಾ ಅಪ್ಪ! ತಂತಿ ಓದಿಸಿಕೊಂಡು ಮೆರೆದ ಅಪ್ಪ!

ಹುಡುಗಿ ಅವರತ್ತ ತಿರುಗಲಿಲ್ಲ. ಹೇಳಿದ್ದನ್ನೇ ಮೂರು ಸಾಲಿನಲ್ಲಿ ಬರೆದು ಕಾಗದವನ್ನು ಹೆಡ್‌ಮೇಷ್ಟ್ರ ಮುಂದೆ ಇಟ್ಟಳು. ಸಿದ್ದಗಂಗಯ್ಯನವರು ಕನ್ನಡಕ ಸರಿಪಡಿಸಿಕೊಂಡು ಎರಡು ಸಲ ಓದಿದರು. ಅವರ ಕಿವಿಯೂ ಕೆಂಪಾಗಿತ್ತು.

"ಇಂಥ ಕಾರಣಕ್ಕೆ ನಿಯಮದಲ್ಲಿ ಜಾಗವಿಲ್ಲಮ್ಮ. ಮೇಲಿನವರು ಏನನ್ನುತ್ತಾರೋ ನಾನರಿಯೆ. ಆದರೂ ಇದನ್ನು ಹೀಗೇ ಕಳಿಸುತ್ತೇನೆ, ಒಂದು ಅಕ್ಷರವನ್ನೂ ತಿದ್ದುವುದಿಲ್ಲ" ಎಂದು ಕಾಗದದ ಕೆಳಗೆ ರುಜು ಹಾಕಿದರು. ಆಮೇಲೆ ನನ್ನ ಕಡೆ ನೋಡಿ, "ಮೇಷ್ಟ್ರೇ, ಉತ್ತರ ಬರೋ ತನಕ ಇವಳ ಹೆಸರು ಆರನೇ ಫಾರಂ ಪಟ್ಟಿಯಲ್ಲಿರಲಿ" ಎಂದರು.

ಮರುದಿನ ಬೆಳಿಗ್ಗೆ ಆರನೇ ಫಾರಂನಲ್ಲಿ ಹಾಜರಿ ಕರೆಯುತ್ತಾ ಅವಳ ಹೆಸರಿಗೆ ಬಂದೆ. ಲೆಕ್ಕದ ಮೇಷ್ಟ್ರಾದ ನನಗೆ ಅದು ಮೂರನೆಯ ದಿನವೆಂದು ಗೊತ್ತಿತ್ತು. ತಲೆಯೆತ್ತಲು ಧೈರ್ಯ ಸಾಲದೆ ಪಟ್ಟಿಯನ್ನೇ ನೋಡುತ್ತಾ ಕರೆದೆ.

"ರಾಜಲಕ್ಷ್ಮಮ್ಮ."

"ಹಾಜರ್ ಸಾರ್."