ಶಂಶುದ್ದೀನನ ಮೇಲೆ ಮುನಿದ ನಿದ್ದೆ

ಗಬ್ಬೂರಿನ ಶಂಶುದ್ದೀನನ ಮೇಲೆ ನಿದ್ದೆ ಮುನಿಸಿಕೊಂಡು ಎರಡು ತಿಂಗಳಾಗಿತ್ತು.

ಮಗಳು ಜಬೀನ್ ಲಗ್ನವಾಗಿ ಮಾನ್ವಿಗೆ ಹೋದಮೇಲೆ ಮನೆಯಲ್ಲಿ ಸಪ್ಪಳವೇ ಇರಲಿಲ್ಲ. ಊಟವಾದ ಕೂಡಲೇ ಅವನು ಹಾಸಿಗೆಯಲ್ಲಿ ಬಿದ್ದುಕೊಂಡು ಮೊಬೈಲಿನಲ್ಲಿ ಅವಳ ಲಗ್ನದ ವಿಡಿಯೊ ನೋಡುತ್ತಿದ್ದ. ಅದು ಮುಗಿದರೆ ಇನ್ನೊಂದು, ಆಮೇಲೆ ಮತ್ತೇನೋ. ಬೆಳಗಿನ ಜಾವ ಜೊಂಪು ಹತ್ತುವಷ್ಟರಲ್ಲಿ ಟಂಟಂ ಆಟೋ ತೆಗೆಯುವ ಹೊತ್ತಾಗುತ್ತಿತ್ತು. ದೇವದುರ್ಗಕ್ಕೆ ಜನರನ್ನು ಒಯ್ದು ತರುವುದು ಅವನ ದುಡಿಮೆ. ದಿನಕ್ಕೆ ಹತ್ತು ಚಾ ಕುಡಿದು ಕಣ್ಣು ತೆರೆದಿಟ್ಟುಕೊಳ್ಳುತ್ತಿದ್ದ.

ಅವತ್ತು ಮಧ್ಯಾಹ್ನ ದೇವದುರ್ಗದಿಂದ ವಾಪಸ್ ಬರುತ್ತಿದ್ದ. ಹಿಂದೆ ಸಂತೆ ಮುಗಿಸಿದ ಹೆಂಗಸರು, ಒಬ್ಬಳ ಮಡಿಲಲ್ಲಿ ಕೂಸು, ಪಕ್ಕದಲ್ಲಿ ಊರಿನ ನರ್ಸ್ ನೇತ್ರಾವತಿ. ಎರಡೂ ಬದಿಗೆ ಹತ್ತಿ ಹೊಲ ಬೆಳ್ಳಗೆ ಅರಳಿತ್ತು. ಬಿಸಿಲಲ್ಲಿ ಡಾಂಬರು ರಸ್ತೆ ನೀರಿನಂತೆ ತೇಲಿತು. ಆ ನೀರಿನ ಮೇಲೆ ಜಬೀನ್ ನಡೆದು ಬಂದಳು, ನಾಲ್ಕು ವರ್ಷದವಳು, ಕಾಲಲ್ಲಿ ಗೆಜ್ಜೆ. "ಅಬ್ಬಾ, ಮಲಕ್ಕೋ" ಎಂದು ಅವನ ರೆಪ್ಪೆಯ ಮೇಲೆ ಪುಟ್ಟ ಕೈ ಇಟ್ಟಳು. ಎಂಥಾ ತಂಪು!

"ಅಣ್ಣಾ! ಬ್ರೇಕ್!"

ನೇತ್ರಾವತಿಯ ಚೀರಾಟಕ್ಕೆ ಅವನ ಕಾಲು ತಾನೇ ಬ್ರೇಕ್ ಒತ್ತಿತು. ಮುಂದಿನ ಗಾಲಿ ಕಾಲುವೆಯ ಅಂಚಿನಲ್ಲಿತ್ತು. ಕೆಳಗೆ ಹಸಿರು ನೀರು ಸುಮ್ಮನೆ ಹರಿಯುತ್ತಿತ್ತು. ಕೂಸು ಎಚ್ಚರಾಗಿ ಅಳತೊಡಗಿತು. ಆ ಅಳು ಕೇಳಿ ಶಂಶುದ್ದೀನ್ ಗಾಡಿ ಬಂದ್ ಮಾಡಿ ಕೆಳಗಿಳಿದ.

ಸಂಜೆ ನೇತ್ರಾವತಿ ಮನೆಗೇ ಬಂದಳು. ಹೆಂಡತಿ ಅನ್ವರಿ ಬೇಗಂ ಇಬ್ಬರಿಗೂ ಚಾ ತಂದಳು.

"ಭಾಬಿ, ಅಣ್ಣಗ ಚಾ ಬ್ಯಾಡ. ಮಧ್ಯಾಹ್ನ ಊಟ ಆದಮ್ಯಾಲ ಕುಡದ ಚಾ ರಾತ್ರಿ ತನಕ ಕಣ್ಣು ಮುಚ್ಚಗೊಡಂಗಿಲ್ಲ."

ಶಂಶುದ್ದೀನ್ ನಕ್ಕುಬಿಟ್ಟ. "ನಿದ್ದಿ ಏನ್ ಸಾಲಿ ಪಾಠೇನ್ರಿ ಸಿಸ್ಟರ್, ಕಲಿಸಾಕ? ಔಷಧದ ಅಂಗಡ್ಯಾಗ ಒಂದು ಗುಳಿಗಿ ತಂದು ನುಂಗಿದ್ರ ಆತು."

"ಡಾಕ್ಟರನ್ನ ಕೇಳದ ನುಂಗಬ್ಯಾಡ್ರಿ. ಅದರ ಮಂಪರು ಮರುದಿನಾನೂ ಉಳೀತದ. ಆ ಮಂಪರಿನ್ಯಾಗ ಮತ್ತ ಗಾಡಿ ಹೊಡೀತೀರೇನು?"

ಅವನ ನಗೆ ನಿಂತಿತು. ಕಾಲುವೆಯ ನೀರು ಕಣ್ಮುಂದೆ ಬಂತು.

"ಮತ್ತೇನ್ ಮಾಡ್ಲಿ?"

"ರಾತ್ರಿ ನಿದ್ದಿ ಆಗಲಿ, ಬಿಡಲಿ, ದಿನಾ ಒಂದೇ ಹೊತ್ತಿಗೆ ಏಳ್ರಿ. ಎದ್ದು ಎಳಿ ಬಿಸಿಲಿನ್ಯಾಗ ಅರ್ಧ ತಾಸು ಅಡ್ಡಾಡ್ರಿ. ಮಧ್ಯಾಹ್ನ ಮಲಗಿದ್ರೂ ಇಪ್ಪತ್ತು ನಿಮಿಷ, ಅಷ್ಟ. ರಾತ್ರಿ ಊಟ ಜಲ್ದಿ, ಹಗರ. ಮಲಗೂದಕ್ಕ ಒಂದು ತಾಸು ಮೊದಲೇ ಮೊಬೈಲ್ ಅಡಗಿಮನಿ ಗೋಡಿ ಗೂಡಿನ್ಯಾಗ ಇಡ್ರಿ."

"ಆದ್ರೂ ಬರಲಿಲ್ಲ ಅಂದ್ರ?"

"ಹಾಸಿಗ್ಯಾಗ ಹೊಳ್ಳಾಡಬ್ಯಾಡ್ರಿ. ಎದ್ದು ಮಂದ ಬೆಳಕಿನ್ಯಾಗ ಕುಂತು ಸಾವಕಾಶ ಉಸಿರು ಬಿಡ್ರಿ. ಕಣ್ಣು ಎಳದಾಗಷ್ಟ ಹಾಸಿಗಿಗಿ ಹೋಗ್ರಿ. ನಿದ್ದಿ ಸರಿ ಆಗೂ ತನಕ ಗಾಡಿ ಮುಟ್ಟಬ್ಯಾಡ್ರಿ."

ಅನ್ವರಿ ಆಗಲೇ ಟಂಟಂ ಚಾವಿಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಿದ್ದಳು.

ಮೊದಲ ಎರಡು ರಾತ್ರಿ ಏನೂ ಆಗಲಿಲ್ಲ. ಮೂರನೇ ರಾತ್ರಿ ಶಂಶುದ್ದೀನನಿಗೆ ಸಿಟ್ಟೇ ಬಂತು. "ಎಲ್ಲಾ ಸುಳ್ಳು" ಎಂದುಕೊಳ್ಳುತ್ತ ಎದ್ದು ಅಂಗಳದ ಕಟ್ಟೆಯ ಮೇಲೆ ಕೂತ. ಬೇವಿನ ಎಲೆಗಳ ಸಂದಿಯಲ್ಲಿ ಬೆಳದಿಂಗಳು ಸಣ್ಣಗೆ ಸೋರುತ್ತಿತ್ತು. ಗಾಳಿ ಬಂದಾಗೊಮ್ಮೆ ನೆಲದ ನೆರಳೆಲ್ಲ ತೊಟ್ಟಿಲಿನಂತೆ ತೂಗುತ್ತಿತ್ತು. ಅನ್ವರಿ ಬಂದು ಪಕ್ಕದಲ್ಲಿ ಕೂತಳು.

"ಮನಿ ಖಾಲಿ ಅನಸ್ತದ" ಅಂದ ಅವನು. ಎರಡು ತಿಂಗಳಲ್ಲಿ ಮೊದಲ ಸಲ ಬಾಯಿಬಿಟ್ಟಿದ್ದ.

"ನನಗೂ ಅನಸ್ತದ. ನೀವು ಮೊಬೈಲ್ ಹಿಡಕೊಂಡು ಕುಂತ್ರ ನಾ ಯಾರಿಗೆ ಹೇಳಲಿ?"

ಅವನ ಕಣ್ಣು ತುಂಬಿ ಬಂದವು. ಬಹಳ ಹೊತ್ತು ಇಬ್ಬರೂ ಮಗಳ ಮಾತು ಆಡಿದರು. ಮಾತು ಮೆಲ್ಲಗೆ ಕಡಿಮೆಯಾಯಿತು. ಉಸಿರು ನಿಧಾನವಾಯಿತು. ಒಳಗೆ ಹೋಗಿ ಮಲಗಿದ್ದೊಂದು ಅವನಿಗೆ ಗೊತ್ತು, ಮುಂದಿನದು ಗೊತ್ತಿಲ್ಲ. ಹತ್ತಿಯ ರಾಶಿಯೊಳಗೆ ಇಳಿದಂತೆ ನಿದ್ದೆಯೊಳಗೆ ಇಳಿದುಬಿಟ್ಟಿದ್ದ.

ಮರುದಿನ ಮತ್ತೆ ಅರೆನಿದ್ದೆಯೇ. ಆದರೂ ಹಟ ಬಿಡಲಿಲ್ಲ. ಮೂರು ವಾರ ಕಳೆಯುವಷ್ಟರಲ್ಲಿ ಒಂದೇ ಹೊತ್ತಿಗೆ ಆಕಳಿಕೆ, ಒಂದೇ ಹೊತ್ತಿಗೆ ಎಚ್ಚರ. ಅನ್ವರಿ ಚಾವಿ ಕೊಟ್ಟಳು. ಈಗ ಸಂಜೆ ಏಳಕ್ಕೇ ಮಗಳಿಗೆ ಫೋನು.

"ಅಬ್ಬಾ, ಇಷ್ಟ ಜಲ್ದಿ ಯಾಕ?" ಎಂದು ಜಬೀನ್ ಕೇಳಿದರೆ, "ಆಮ್ಯಾಲ ನಾ ಮಲಗಬೇಕವ್ವ. ನಾಳೆ ಮಂದೀನ ಕೂಡಿಸ್ಕೊಂಡು ಹೋಗವ ನಾನು" ಎನ್ನುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಕಣ್ಣು ಬಿಟ್ಟೇ ರಾತ್ರಿ ಕಳೆಯುತ್ತಿದ್ದಾರೆಯೇ? ಇವತ್ತೇ ಮೊಬೈಲ್ ದೂರ ಇಡಿ, ಮಧ್ಯಾಹ್ನದ ಊಟದ ಮೇಲೆ ಚಾ ಬಿಡಿ, ಮನಸ್ಸಿನ ಭಾರವನ್ನು ಮನೆಯವರ ಹತ್ತಿರ ಇಳಿಸಿ. ಕೆಲವು ವಾರ ಹೀಗೆ ಮಾಡಿಯೂ ನಿದ್ದೆ ಬಾರದಿದ್ದರೆ, ಜೋರು ಗೊರಕೆಯಲ್ಲಿ ಉಸಿರು ಕಟ್ಟಿದಂತಾದರೆ, ಮನಸ್ಸು ತೀರಾ ಕುಗ್ಗಿದರೆ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಗಾಡಿ ಹೊಡೆಯುವಾಗ ರೆಪ್ಪೆ ಭಾರವಾದರೆ ಅಲ್ಲೇ ಬದಿಗೆ ನಿಲ್ಲಿಸಿ. ಮನೆಗೆ ತಡವಾಗಿ ಹೋದರೂ ಚಿಂತೆಯಿಲ್ಲ, ಹೋಗಿ ಮುಟ್ಟಬೇಕು.