ಮೂರನೆಯ ದಿನದ ಸ್ನಾನ

ರಾಯಕೋಟೆಯ ಶಾಲೆಯಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಹೋದ ತಿಂಗಳು ಪಾಠದಲ್ಲಿ ‘ಸ್ಯಾಂಗ್ವಿನ್’ ಎಂಬ ಪದ ಬಂತು. ಏನೇ ಆದರೂ ಒಳ್ಳೆಯದೇ ಆಗುತ್ತದೆ ಎಂದು ನಗುನಗುತ್ತಾ ನಂಬಿರುವ ಸ್ವಭಾವ ಅದು ಎಂದೆ. ಲ್ಯಾಟಿನ್ನಿನಲ್ಲಿ ರಕ್ತ ಎನ್ನುವ ಪದದಿಂದ ಹುಟ್ಟಿದ್ದು; ಮೊದಮೊದಲು ರಕ್ತದ ಬಣ್ಣ ಎಂದಷ್ಟೇ ಅರ್ಥ. ಮೈಯಲ್ಲಿ ನಾಲ್ಕು ರಸಗಳಿವೆ, ರಕ್ತ ಹೆಚ್ಚಿದ್ದವರ ಕೆನ್ನೆ ಕೆಂಪಗೆ, ಮನಸ್ಸು ಹಗುರ ಎಂದು ಯೂರೋಪಿನ ಹಳೆಯ ವೈದ್ಯರು ತಿಳಿದಿದ್ದರು. ಮಕ್ಕಳು ಉದಾಹರಣೆ ಕೇಳಿದರು. ನನ್ನ ಓರಗಿತ್ತಿ ಸರಿತಾಳ ಹೆಸರು ಹೇಳಿದೆ.

ಸಂಜೆ ಅವಲಪಲ್ಲಿಯ ಮನೆಗೆ ಬಂದು ಅವಳಿಗೂ ಹೇಳಿದೆ. ಅವರೆಕಾಯಿ ಸುಲಿಯುತ್ತಿದ್ದವಳು ನಕ್ಕಳು.

“ಅಂಗಾದ್ರೆ ನನ್ ಮೈಯಾಗೆ ರಕ್ತ ತುಂಬಿ ತುಳುಕ್ತಾ ಐತೆ ಅನ್ನಕ್ಕ.”

ನಗುತ್ತಲೇ ಸುಸ್ತಾಗಿ ಗೋಡೆಗೆ ಒರಗಿದಳು. ಅದನ್ನು ನೋಡಿದೆ. ನೋಡಿ, ಪೇಪರ್ ತಿದ್ದಲು ಕೂತೆ.

ಮುಟ್ಟಾದವರು ಮೂರನೆಯ ದಿನದ ಸ್ನಾನದವರೆಗೆ, ಆಗಲೂ ನಿಲ್ಲದಿದ್ದರೆ ನಿಲ್ಲುವವರೆಗೆ, ಅಡುಗೆಮನೆಗೆ ಬರಬಾರದು ಎನ್ನುವುದು ನಮ್ಮತ್ತೆ ಶ್ಯಾಮಲಮ್ಮನವರ ಕಟ್ಟಳೆ. ಅವರ ಕೈಲಿ ಈಗ ಅಡುಗೆ ಆಗುವುದಿಲ್ಲ. ಸರಿತಾ ಹೊರಗೆ ಕೂತರೆ ಒಲೆ ನನ್ನದು, ನನಗೆ ಏಳೂವರೆಯ ಬಸ್ಸು ತಪ್ಪುತ್ತದೆ. ಅವಳು ಮೂರನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬರುತ್ತಿದ್ದಳು. ಆದರೆ ಮುಟ್ಟು ಮುಗಿದಿರುತ್ತಿರಲಿಲ್ಲ. ಹತ್ತನೆಯ ದಿನವೂ, ಇಪ್ಪತ್ತನೆಯ ದಿನವೂ ಬಚ್ಚಲ ಹಿಂದಿನ ತಂತಿಯ ಮೇಲೆ ಹಳೆಯ ಲಂಗದ ಮರೆಯಲ್ಲಿ ಅವಳ ಮುಟ್ಟಿನ ಬಟ್ಟೆಗಳು ಒಣಗುತ್ತಿದ್ದವು. ಐದು ತಿಂಗಳು ನೋಡಿದೆ. ಕೇಳಿದರೆ ಅವಳು ಮತ್ತೆ ಹೊರಗೆ ಕೂರಬೇಕಾದೀತು ಎಂದು ಕೇಳಲಿಲ್ಲ. ಈ ಮುಟ್ಟುಚಿಟ್ಟನ್ನೆಲ್ಲ ನಾನು ನಂಬುವವಳಲ್ಲ ಎಂದು ಸಮಾಧಾನ ಮಾಡಿಕೊಂಡೆ. ನಂಬದಿದ್ದವಳು ಅತ್ತೆಯೆದುರು ಒಂದು ದಿನವಾದರೂ ಬಾಯಿ ಬಿಟ್ಟಿದ್ದೆನೇ?

ಮೊನ್ನೆ ಗುರುವಾರ ಮುದ್ದೆ ತಿರುವುತ್ತಿದ್ದ ಸರಿತಾ ಒಲೆಯ ಪಕ್ಕದಲ್ಲೇ ಕುಸಿದಳು. ಹೊಸೂರಿನ ಆಸ್ಪತ್ರೆಗೆ ಒಯ್ದೆವು. ಹನ್ನೆರಡಿರಬೇಕಾದ ರಕ್ತದ ಹಿಮೋಗ್ಲೋಬಿನ್ ಆರಕ್ಕೆ ಇಳಿದಿತ್ತು. ಪ್ರತಿ ತಿಂಗಳು ಎಷ್ಟು ದಿನ ಹೋಗುತ್ತದೆ ಎಂದು ಡಾಕ್ಟರಮ್ಮ ತಮಿಳಿನಲ್ಲಿ ಕೇಳಿದರು. ಅತ್ತೆ ಮಂಚದ ಪಕ್ಕದಲ್ಲೇ ಇದ್ದರು. ಮೂರೇ ದಿನ ಎಂದಳು ಸರಿತಾ, ನಗುತ್ತಾ. ಹಾಗಾದರೆ ರಕ್ತ ಕೊಟ್ಟು, ಮಾತ್ರೆ ಬರೆದು ನಾಳೆ ಕಳಿಸುತ್ತೇನೆ ಎಂದು ಡಾಕ್ಟರಮ್ಮ ಬರೆದುಕೊಳ್ಳತೊಡಗಿದರು. ಮನೆಗೆ ಹೋದರೆ ಅದೇ ತಂತಿ, ಅದೇ ಒಲೆ. ಇನ್ನೊಮ್ಮೆ ಬಿದ್ದರೆ ಏಳುತ್ತಾಳೋ ಇಲ್ಲವೋ.

ಮೂರಲ್ಲ, ಇಪ್ಪತ್ತು ದಿನ, ಐದು ತಿಂಗಳಿಂದ ಎಂದು ನಾನು ಹೇಳಿದೆ. ಡಾಕ್ಟರಮ್ಮ ಬರೆದದ್ದನ್ನು ಹೊಡೆದುಹಾಕಿ, ಈಗಲೇ ಗರ್ಭಕೋಶದ ಸ್ಕ್ಯಾನ್ ಆಗಬೇಕು ಎಂದರು.

ಸರಿತಾ ನನ್ನ ಮುಖ ನೋಡಿದಳು. ನಗು ಇರಲಿಲ್ಲ.

“ನಿಂಗೆ ಗೊತ್ತಿತ್ತಾ ಅಕ್ಕ?”

“ಗೊತ್ತಿತ್ತು.”

ಗಾಲಿಕುರ್ಚಿ ಬಂತು. ಎಬ್ಬಿಸಲು ಕೈ ಚಾಚಿದೆ. ಅವಳು ಅತ್ತೆಯ ಭುಜ ಹಿಡಿದುಕೊಂಡು ಎದ್ದಳು.